ಗಿರಕಿಗೆ ಸ್ಟೀರಿಂಗ್ ಇಲ್ಲ

ಅತ್ತಿಗುಂಡಿ ಕಡೆಯ ದಾರಿಯಲ್ಲಿ ಜೀಪು ಓಡಿಸುವುದನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಇನ್ನೊಬ್ಬರಿಲ್ಲ. ಜಂಬ ಅಂದುಕೊಳ್ಳಬೇಡಿ, ಬೇಕಾದರೆ ಯಾವ ಕಾಫಿ ತೋಟದಲ್ಲಾದರೂ ಕೇಳಿ, ರೇವಣ್ಣನವರ ಹೆಸರೇ ಹೇಳುತ್ತಾರೆ. ಅಕ್ಕನ ಮಗಳು ನಾಗಶ್ರೀಗೂ ನಾನೇ ಕಲಿಸಿದ್ದು. ಕೆಸರಿನಲ್ಲಿ ಜೀಪು ಜಾರಿ ತಿರುಗತೊಡಗಿದರೆ ಬ್ರೇಕ್ ಮುಟ್ಟಬಾರದು, ಅದು ಬಲಕ್ಕೆ ತಿರುಗಿದರೆ ತಕ್ಷಣ ಸ್ಟೀರಿಂಗನ್ನು ಎಡಕ್ಕೆ ಹೊಡೆಯಬೇಕು. ಅವಳ ಕೈ ತಾನಾಗಿಯೇ ಹೋಗುವ ತನಕ ಬೈದು ಬೈದು ಕಲಿಸಿದ್ದೆ. ಆ ಪಾಠವೇ ಆರು ಸಾವಿರ ಅಡಿ ಮೇಲೆ ಅವಳ ಪ್ರಾಣಕ್ಕೆ ಕುತ್ತು ತರುತ್ತದೆಂದು ನನಗೇನು ಗೊತ್ತು?

ಬಯಲುಸೀಮೆಯ ಒಂದು ಫ್ಲೈಯಿಂಗ್ ಸ್ಕೂಲಿನಲ್ಲಿ ನಾಗು ವಿಮಾನ ಕಲಿಯುತ್ತಿದ್ದಾಳೆ. ಜನವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಸರ್ವಮಂಗಳಾ ಕಡುಬು ಮಾಡಿದರೆ ಏಳೆಂಟು ಇಳಿಸುವ ಹುಡುಗಿ ಅರ್ಧ ತಿಂದು ಎದ್ದಳು.

"ಏನಾಯ್ತೇ?" ಅಂದೆ.

ಅವಳು ಅಂಗೈಯನ್ನೇ ವಿಮಾನ ಮಾಡಿ ತೋರಿಸಿದಳು. "ಮೂತಿ ಜಾಸ್ತಿ ಎತ್ತಿದ್ರೆ ರೆಕ್ಕೆಗೆ ಗಾಳಿ ಹಿಡಿಯಲ್ಲ ಮಾವ. ಅದೇ ಸ್ಟಾಲ್. ಆಗ ಒಂದು ರೆಕ್ಕೆ ಮೊದ್ಲು ಕುಸೀತು ಅಂದ್ರೆ, ಗಿರಗಿರ ತಿರುಗ್ತಾ ಕೆಳಗೆ ಬೀಳುತ್ತೆ. ಅದು ಸ್ಪಿನ್."

"ಬಿಡಿಸ್ಕೊಳ್ಳೋದು ಹೇಗೆ ಮತ್ತೆ?"

"ಇಂಜಿನ್ ವೇಗ ಇಳಿಸ್ಬೇಕು. ಕೈ ಎಡಕ್ಕೂ ಹೋಗ್ಬಾರ್ದು, ಬಲಕ್ಕೂ ಹೋಗ್ಬಾರ್ದು. ತಿರುಗೋದಕ್ಕೆ ಎದುರು ಕಡೆ ಪೆಡಲನ್ನ ಕಾಲಲ್ಲಿ ಪೂರ್ತಿ ಒತ್ತಿ, ಕೈಲಿರೋ ಕಂಟ್ರೋಲನ್ನ ಮುಂದಕ್ಕೆ ತಳ್ಬೇಕು. ತಿರುಗೋದು ನಿಂತ ಮೇಲೆ ಕಾಲು ಸಡಿಲ ಮಾಡಿ ಮೆಲ್ಲಗೆ ಮೇಲೆತ್ತೋದು."

"ಬೀಳ್ತಿರುವಾಗ ಮುಂದಕ್ಕೆ ತಳ್ಳೋದಾ! ನಿಮ್ಮೋರಿಗೆ ತಲೆ ಸರಿ ಇದ್ಯಾ?"

"ರೆಕ್ಕೆಗೆ ಗಾಳಿ ಮತ್ತೆ ಸಿಗ್ಬೇಕಲ್ಲ ಮಾವ."

"ಸರಿ, ನೀನೇನ್ ಮಾಡ್ದೆ?"

"ಬಲಕ್ಕೆ ತಿರುಗ್ತು. ನಾನು ಕಾಲು ಮರ್ತು ಕೈಯಲ್ಲಿ ಎಡಕ್ಕೆ ಹೊಡ್ದೆ. ಹಾಗೆ ಮಾಡಿದ್ರೆ ಬಿದ್ದಿರೋ ರೆಕ್ಕೆ ಇನ್ನೂ ಕುಸಿಯುತ್ತೆ. ಎರಡು ಸಲ ಮಾಡ್ಸಿದ್ರು, ಎರಡು ಸಲಾನೂ ಇನ್ನೂ ಜೋರಾಗಿ ತಿರುಗ್ತು. ಪಕ್ಕದಲ್ಲಿ ಕಲ್ಸೋ ಸರ್ ಇದ್ರಲ್ಲ, ಅವ್ರು ಹಿಡ್ಕೊಂಡ್ರು." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಸೋಮವಾರ ಇನ್ನೊಂದು ಸಲ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ ಒಬ್ಳನ್ನೇ ಯಾವತ್ತೂ ಬಿಡಲ್ವಂತೆ. ಕೋರ್ಸ್ ಅಲ್ಲಿಗೇ ಮುಗೀತು."

ಜೀಪಿನ ಮಾತನ್ನು ಅವಳು ಎತ್ತಲೇ ಇಲ್ಲ. ಎತ್ತಿ ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಲಿಸಿದವನೇ ಮರೆಸಬೇಕು ಅಂತ ಹಟ ಬಂತು ನನಗೆ. ಮರುದಿನ ಬೆಳಿಗ್ಗೆ ಕಣದ ಒಂದು ಮೂಲೆಯಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಒತ್ತಟ್ಟಿಗೆ ಸರಿಸಿ, ತೋಟದ ಆಫೀಸಿನಿಂದ ತಿರುಗುವ ಕುರ್ಚಿ ತರಿಸಿದೆ. ಲೆಕ್ಕ ಬರೆಯುವ ನಮ್ಮ ರೈಟರ್ ಬಾಲರಾಜ್ ಹಿಂದೆಯೇ ಓಡಿ ಬಂದರು.

"ಸಾರ್, ಅದು ನಾನು ಕೂರೋ ಕುರ್ಚಿ!"

"ಮೂರು ದಿನ ನಿಂತು ಬರೀರಿ ಮಾರಾಯ್ರೇ, ಏನೂ ಸವೆದು ಹೋಗಲ್ಲ."

ಸೀಟಿನ ಕೆಳಗೆ ಒಂದು ಹಲಗೆ ಬಿಗಿದು, ಪೆಡಲಿಗೆ ಬದಲಾಗಿ ನನ್ನ ಹಳೆಯ ಚಪ್ಪಲಿಗಳನ್ನು ಅದಕ್ಕೆ ಮೊಳೆ ಹೊಡೆದು ಕೂರಿಸಿದೆ. ನಾಗುವಿನ ಮಣಿಕಟ್ಟುಗಳನ್ನು ಟವೆಲಿನಲ್ಲಿ ಸುತ್ತಿ, ಅದರ ತುದಿಗಳನ್ನು ಕುರ್ಚಿಯ ಎರಡೂ ಕೈಗಳಿಗೆ ಕಟ್ಟಿದೆ. ಕೈ ಮುಂದಕ್ಕೆ ಹೋಗಬಹುದು, ಪಕ್ಕಕ್ಕೆ ಹೋದರೆ ಟವೆಲು ಜಗ್ಗುತ್ತದೆ. ಆಮೇಲೆ ಕುರ್ಚಿಯನ್ನು ಹಿಡಿದು ಗಿರ್ರನೆ ಬಲಕ್ಕೆ ತಿರುಗಿಸಿದೆ.

ಟವೆಲು ಜಗ್ಗಿತು.

"ಕೈ ಅಲ್ಲ, ಕಾಲು! ಎಡಗಾಲು! ಇದು ಜೀಪಲ್ಲ ಕಣೇ!"

ಮತ್ತೆ ತಿರುಗಿಸಿದೆ, ಮತ್ತೆ ಜಗ್ಗಿತು. ಹನ್ನೊಂದು ಸಲ ಹೀಗೇ ಆಯಿತು. ಹನ್ನೆರಡನೆಯದಕ್ಕೆ ಸರ್ವಮಂಗಳಾ ಅಡುಗೆಮನೆಯಿಂದ ಬಂದು ಕುರ್ಚಿಗೆ ಅಡ್ಡ ನಿಂತಳು. "ರೀ, ನಿಮ್ಗೇನ್ ಮೈಮೇಲೆ ಬಂದಿದ್ಯಾ? ಮಗು ಮುಖ ನೋಡ್ರಿ, ಬಿಳಿಚ್ಕೊಂಡಿದೆ."

ನಾಗು ಕಣದ ಅಂಚಿಗೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತಳು. ಸರ್ವಮಂಗಳಾ ಅವಳ ತಲೆ ಸವರುತ್ತ ನಿಂತಳು.

"ಮಾವ, ನಿಜ ಹೇಳಿ. ಬಿಟ್ಬಿಡ್ಲಾ?"

ಬಿಡು ಅನ್ನಲು ಬಾಯಿ ತೆರೆದೆ, ಸುಳ್ಳು ಯಾಕೆ ಹೇಳಲಿ? ಬಿಟ್ಟರೆ ಇವಳು ನೆಲದ ಮೇಲಿರುತ್ತಾಳೆ, ಅಕ್ಕ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ, ನಾನೂ ಮಾಡುತ್ತೇನೆ. ಒಂದೇ ಒಂದು ಮಾತು ಸಾಕಿತ್ತು. ಆದರೆ ಬಿಡಲಾ ಎಂದು ಕೇಳುತ್ತಿರುವಾಗಲೂ ಅವಳ ಎಡಗಾಲು ಚಪ್ಪಲಿಯನ್ನು ಒತ್ತುತ್ತಲೇ ಇತ್ತು, ಬಿಡುವುದು, ಒತ್ತುವುದು. ಅದನ್ನು ನೋಡಿ ಮತ್ತೆ ಕುರ್ಚಿಯ ಬೆನ್ನು ಹಿಡಿದೆ.

"ಸುಮ್ನೆ ಕೂತ್ಕೊ," ಅಂದೆ. "ಇನ್ನೊಂದ್ ಸಲ."

ಆ ದಿನ ಸಂಜೆಯ ಹೊತ್ತಿಗೆ ಟವೆಲು ಜಗ್ಗುವುದು ಅಪರೂಪವಾಯಿತು. ಶನಿವಾರ ಟವೆಲು ಬಿಚ್ಚಿದೆ. ಭಾನುವಾರ ಕಣ್ಣು ಮುಚ್ಚಿಸಿ, ಯಾವ ಕಡೆಗೆಂದು ಹೇಳದೆ ತಿರುಗಿಸಿದೆ. ಕೈ ಪಕ್ಕಕ್ಕೆ ಕದಲಲಿಲ್ಲ. ಸರಿಯಾದ ಕಾಲು ಹೋಯಿತು. ನಾನು ಕುಣಿದ ಕುಣಿತಕ್ಕೆ ಅರ್ಧ ಬುಟ್ಟಿ ಪಾರ್ಚ್‌ಮೆಂಟ್ ಚೆಲ್ಲಾಪಿಲ್ಲಿಯಾಯಿತು. ಅವತ್ತೇ ಮಧ್ಯಾಹ್ನದ ಬಸ್ಸಿಗೆ ಅವಳನ್ನು ಹತ್ತಿಸಿದೆವು.

ಸೋಮವಾರ ಬೆಳಿಗ್ಗೆಯಿಂದ ಫೋನು ಕೈಯಲ್ಲೇ ಹಿಡಿದು ಕಣದಲ್ಲಿ ಸುತ್ತಿದೆ. ಕಂಡಕಂಡವರಿಗೆಲ್ಲ ಬೈದೆ. ಹತ್ತೂವರೆಗೆ ಫೋನು ಬಂತು.

"ಮಾವಾ! ಆಯ್ತು! ಬಲಕ್ಕೂ ಆಯ್ತು, ಎಡಕ್ಕೂ ಆಯ್ತು! ಸರ್ ಏನೂ ಮುಟ್ಲೇ ಇಲ್ಲ, ಕೈ ಕಟ್ಕೊಂಡು ಕೂತಿದ್ರು!"

"ಭಲೇ ನನ್ ಪುಟ್ಟಿ!" ಎಂದು ಕಿರುಚಿದೆ.

"ಮಾವ, ನಾಳೆ ಸರ್ ಕೆಳಗಿಳೀತಾರಂತೆ. ನಾನೊಬ್ಳೇ ಹೋಗ್ತೀನಿ."

"ಒಬ್ಳೇನಾ?"

"ಹ್ಞೂಂ. ಯಾಕೆ, ಭಯ ಆಗ್ತಿದ್ಯಾ?"

"ನನಗ್ಯಾಕೆ ಭಯ? ಹೋಗ್ ಬಾ ತಾಯಿ. ಚೆನ್ನಾಗ್ ತಿಂದು ಹೋಗು."

ಫೋನು ಇಟ್ಟ ಮೇಲೆ ಕಣದ ಕಟ್ಟೆಯ ಮೇಲೆ ಕುಳಿತೆ. ನಾಳೆ ಅವಳ ಪಕ್ಕದ ಸೀಟು ಖಾಲಿ. ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ಸರ್ವಮಂಗಳಾ ಓಡಿ ಬಂದಳು. ನನ್ನ ಕಣ್ಣೀರು ನೋಡಿ ಗಾಬರಿಯಾದಳು.

"ಏನಂತೆ? ಆಗ್ಲಿಲ್ವಂತಾ?"

"ಆಯ್ತಂತೆ ಕಣೇ. ನಾಳೆ ಒಬ್ಳೇ ಹೋಗ್ತಾಳಂತೆ. ಅವತ್ತೇ ಬಿಡು ಅಂದ್ಬಿಡ್ಬೇಕಿತ್ತು ನಾನು."

ಅವಳು ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಳು.

"ಅಂದಿದ್ರೆ ಬಿಟ್ಬಿಡ್ತಿದ್ಲು," ಅಂದಳು. "ಅದಕ್ಕೇ ನೀವು ಅನ್ನಲಿಲ್ಲ."