ಹನ್ನೊಂದು ಮೇಡಂ

ಸಾಹಿತ್ಯ ಕಲಿಸುವ ಮೇಡಂಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಹನ್ನೊಂದು ಮೇಡಂ. ಆ ಹೆಸರನ್ನು ಅವರು ತಮ್ಮ ಬಾಯಿಂದಲೇ ಸಂಪಾದಿಸಿಕೊಂಡಿದ್ದರು. ಪ್ರತಿ ವರ್ಷ ಮೊದಲ ಪಾಠದ ದಿನ, ತಮಗೆ ಗಣಿತದಲ್ಲಿ ನೂರಕ್ಕೆ ಹನ್ನೊಂದು ಬಂದಿತ್ತೆಂದೂ, ಅದರಲ್ಲಿ ಒಂದು ಅಂಕ ಅಕ್ಷರ ಮುದ್ದಾಗಿದೆಯೆಂದು ಕೊಟ್ಟದ್ದೆಂದೂ ಹೇಳುವರು. ತರಗತಿ ಬಿದ್ದು ಬಿದ್ದು ನಗುವುದು. ಲೆಕ್ಕಕ್ಕೆ ಒಂದೇ ಉತ್ತರ, ಕತೆಗಾದರೆ ನೀವೆಷ್ಟು ಜನರೋ ಅಷ್ಟು ಉತ್ತರ ಎನ್ನುವರು. ಲೆಕ್ಕದವರಿಗೆ ತಲೆ ಇರುತ್ತದೆ, ಮನಸ್ಸು ಒಣಗಿರುತ್ತದೆ ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು, ಮಕ್ಕಳೆಲ್ಲ ಅವರ ಕಡೆ. ಪಕ್ಕದ ಕೋಣೆಯಲ್ಲಿ ಗಣಿತದ ಮೇಷ್ಟ್ರು, ಪಾಪ, ಗಂಟಲು ಹರಿದುಕೊಂಡು ಪ್ರಮೇಯ ಹೇಳುತ್ತಿರುವರು.

ಇಷ್ಟಕ್ಕೂ ಅದು ಹಸಿ ಸುಳ್ಳು. ಮೇಡಂಗೆ ಬಂದದ್ದು ತೊಂಬತ್ತಾರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಕ್ಕಳು ಮುಖ ಗಂಟಿಕ್ಕಿ ಕೂತಿದ್ದಾಗ ಒಮ್ಮೆ ಬಾಯಿಗೆ ಬಂದದ್ದನ್ನು ಹೇಳಿದರು, ನಗು ಸಿಕ್ಕಿತು. ನಗುವಿನ ರುಚಿ ಹತ್ತಿದವರು ಬಿಡುತ್ತಾರೆಯೇ? ಇಪ್ಪತ್ತು ವರ್ಷ ಹೇಳಿದರು. ನಿಜ ಗೊತ್ತಿದ್ದವರು ಅವರ ಜೊತೆಗೇ ಓದಿದ ಆ ಗಣಿತದ ಮೇಷ್ಟ್ರು ಒಬ್ಬರೇ, ಅವರೋ ಬಾಯಿ ಬಿಡುವ ಪೈಕಿ ಅಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಶಿಕ್ಷಕರ ಕೋಣೆಗೆ ಬಂದಳು. ಟೈಲರ್ ಕೆಲಸದವಳು, ಅಳತೆಯ ಟೇಪು ಕೊರಳಲ್ಲೇ ಇತ್ತು. ಮಗಳು ಗಣಿತದ ಪರೀಕ್ಷೆಯಲ್ಲಿ ಹೆಸರು ಬರೆದು ಖಾಲಿ ಹಾಳೆ ಕೊಟ್ಟು ಬಂದಿದ್ದಳು. ಸೋಮವಾರ ಮತ್ತೊಮ್ಮೆ ಬರೆಯಲು ಅವಕಾಶ. ಅದೂ ತಪ್ಪಿದರೆ ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹಾಳು. ಹುಡುಗಿ ಮಾತ್ರ ಬರೆಯಲ್ಲ ಎಂದು ಪಟ್ಟು ಹಿಡಿದಿದ್ದಳು. ನಾಲ್ಕನೇ ತರಗತಿಯಲ್ಲೇ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಬಾಯಲ್ಲೇ ಲೆಕ್ಕ ಹಾಕುತ್ತಿದ್ದವಳು ಎಂದಳು ತಾಯಿ.

"ಮೇಡಂ, ನೀವು ಹನ್ನೊಂದು ತಗೊಂಡೂ ಇಷ್ಟು ದೊಡ್ಡೋರಾದ್ರಂತೆ. ನಿಮ್ಮ ಹಾಗೇ ಆಗ್ತೀನಿ ಅಂತಾಳೆ. ನಿಜಾನಾ ಅದು?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಸುತ್ತ ಎಂಟು ಜನ ಸಹೋದ್ಯೋಗಿಗಳು ಊಟ ಮಾಡುತ್ತ ಕೂತಿದ್ದರು. ಅಷ್ಟೂ ಜನ ಈ ತಮಾಷೆಗೆ ವರ್ಷಗಟ್ಟಲೆ ನಕ್ಕವರು. ಮೇಡಂ ಹಲ್ಲು ಕಿರಿದು, "ಹೌದು, ಏನ್ಮಾಡೋದು" ಎಂದುಬಿಟ್ಟರು. ತಾಯಿಯ ಮುಖ ಇಳಿದುಹೋಯಿತು. ಸುಳ್ಳು ಎಂಬ ಉತ್ತರ ಕೇಳಲೆಂದೇ ಬಂದಿದ್ದವಳು ಎದ್ದು ಹೋದಳು.

ಕೈ ತೊಳೆಯುವ ನಲ್ಲಿಯ ಹತ್ತಿರ, ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಗಣಿತದ ಮೇಷ್ಟ್ರು ಸಿಕ್ಕಿದರು. ಎಲ್ಲರೆದುರು ನೀವು ಎನ್ನುತ್ತಿದ್ದ ಮನುಷ್ಯ ಅಂದು ಓದುವ ಕಾಲದ ಸಲುಗೆಗೆ ಇಳಿದರು.

"ಆ ವರ್ಷ ನಿನ್ನ ಹಿಂದೆ ಎರಡನೆಯವನು ನಾನೇ. ಮಕ್ಕಳು ನಗ್ತಾರಲ್ಲ ಅಂತ ಇಷ್ಟು ದಿನ ಸುಮ್ನಿದ್ದೆ. ಇವಳೊಬ್ಬಳು ನಗಲಿಲ್ಲ, ನಂಬಿಬಿಟ್ಲು."

ಮೇಡಂಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟು ನಾಚಿಕೆ ಅವರಿಗೆ ಹುಟ್ಟಿದಾರಭ್ಯ ಆಗಿರಲಿಲ್ಲ.

ಮುಂದಿನ ಪಾಠ ಹತ್ತನೇ ತರಗತಿಗೇ ಇತ್ತು. ಪುಸ್ತಕ ತೆರೆಯದೆ, ಆ ಹುಡುಗಿ ಉತ್ತರ ಬರೆಯದೆ ಬಿಟ್ಟ ಪ್ರಶ್ನೆಪತ್ರಿಕೆಯ ಅತಿ ಕಷ್ಟದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, ಒಂದು ಹಂತವನ್ನೂ ಬಿಡದೆ ಬಿಡಿಸಿದರು. ಉತ್ತರ ಸರಿಯಿತ್ತು. ಆಮೇಲೆ ತಿರುಗಿ ತೊಂಬತ್ತಾರರ ವಿಷಯ ಹೇಳಿದರು. ಮಧ್ಯಾಹ್ನ ಆ ತಾಯಿಗೂ ಸುಳ್ಳು ಹೇಳಿದೆ ಎಂದರು.

"ನೀವು ನಗ್ಲಿ ಅಂತ ಹೇಳ್ದೆ. ನನ್ನ ಪಾಠ ದೊಡ್ಡದಾಗಿ ಕಾಣ್ಲಿ ಅಂತ ಇನ್ನೊಬ್ಬರ ಪಾಠಾನ ಸಣ್ಣದು ಮಾಡ್ದೆ. ತಪ್ಪಾಯ್ತು."

ಯಾರೂ ನಗಲಿಲ್ಲ. ಟೈಲರ್ ಮಗಳು ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಓದಿ ಎದ್ದು ನಿಂತಳು.

"ಹೋದ ವಾರ ಪದ್ಯ ಓದೋವಾಗ ಅತ್ರಲ್ಲ ಮೇಡಂ, ಅದೂ ನಾವು ನೋಡ್ಲಿ ಅಂತಾನಾ?"

ಅದು ನಿಜವಾದ ಅಳು. ಮೇಡಂ ಹಾಗೆಂದೇ ಹೇಳಿದರು, ಎರಡು ಸಲ ಹೇಳಿದರು. ತೊಂಬತ್ತಾರಕ್ಕಾದರೆ ಬೋರ್ಡಿನ ಮೇಲೆ ಸಾಕ್ಷಿ ಇತ್ತು. ಅಳುವಿಗೆ ಯಾವ ಹಂತ ಬರೆದು ತೋರಿಸುವುದು? ಹುಡುಗಿ ಕೂತುಕೊಂಡಳು.

ಸೋಮವಾರ ಅವಳು ಪರೀಕ್ಷೆ ಬರೆದಳು, ಎಂಬತ್ತೊಂಬತ್ತು ತೆಗೆದಳು. ತಾಯಿ ಶಾಲೆಗೆ ಬಂದು ಮೇಡಂಗೆ ಕೈ ಮುಗಿದು ಹೋದಳು. ಅಂದಿನಿಂದ ಪಾಠದ ನಡುವೆ ಮೇಡಂ ದನಿ ಗದ್ಗದವಾದಾಗಲೆಲ್ಲ ಆ ಹುಡುಗಿ ಪುಸ್ತಕದಿಂದ ತಲೆ ಎತ್ತಿ, ತಾಳೆ ನೋಡುವವಳ ಹಾಗೆ, ಅವರ ಕಣ್ಣನ್ನೇ ನೋಡುತ್ತಿದ್ದಳು. ಮೇಡಂ ಕಿಟಕಿಯ ಕಡೆ ತಿರುಗಿ ನಿಂತು ಮುಂದಿನ ಸಾಲು ಓದುತ್ತಿದ್ದರು.