ರಜೆಯಲ್ಲಿ ಎಣಿಸಿದ ಮೊಳಕೆಗಳು

"ನಾನು ಕಾಣ್ತಿಲ್ಲ ತಾನೆ?" ತಾಯಿ ಮತ್ತೊಮ್ಮೆ ಕೇಳಿದಳು.

"ಕಾಣಲ್ಲಮ್ಮ. ಆದ್ರೆ ಕೇಳಿಸ್ತೀಯ. ಕೆಮ್ಮಬೇಡ, ನಿಟ್ಟುಸಿರು ಬಿಡಬೇಡ. ಮುಖ್ಯವಾಗಿ, ಅವರು ಮಾತಾಡ್ತಿರೋವಾಗ ಹೂಂಗುಟ್ಟಬೇಡ."

ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸ್ಟೂಲು ಹಾಕಿಕೊಂಡು ತಾಯಿ ಮೈ ಮುದುಡಿ ಕೂತಿದ್ದಳು. ಅಲ್ಲಿಂದ ಲ್ಯಾಪ್‌ಟಾಪಿನ ಪರದೆ ಕಾಣುತ್ತಿರಲಿಲ್ಲ. ಮಗಳ ಮುಖವೂ ಅರ್ಧಂಬರ್ಧ. ಮೇಜಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡಿದ್ದ ಅವಳ ಕೈಗಳು ಮಾತ್ರ ಸ್ಪಷ್ಟವಾಗಿದ್ದವು. ಇರಲಿ ಎಂದುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಆ ಪ್ರೊಫೆಸರರ ದನಿ. ಮನುಷ್ಯ ಎರಡು ಮಾತಾಡಿದರೆ ಸಾಕು, ಒಳಗೇನಿದೆ ಎಂದು ತನಗೆ ತಿಳಿಯುತ್ತದೆ ಎನ್ನುವ ಧೈರ್ಯ ಅವಳದು.

ಮಗಳು ಬಿಎಸ್ಸಿ ಎರಡನೆಯ ವರ್ಷದಲ್ಲಿದ್ದಳು. ಬೇಸಿಗೆ ರಜೆಯಲ್ಲಿ ದೂರದ ಊರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಆ ಪ್ರೊಫೆಸರರ ಕೈಕೆಳಗೆ ಕೆಲಸ ಕಲಿಯಲು ಅರ್ಜಿ ಹಾಕಿದ್ದಳು. ಇವತ್ತು ಲ್ಯಾಪ್‌ಟಾಪಿನಲ್ಲೇ ಅದರ ಸಂದರ್ಶನ. ಆರಿಸಿಕೊಂಡರೆ ಇರಲು ಹಾಸ್ಟೆಲು, ಎರಡು ಹೊತ್ತು ಊಟ, ಮೇಲೆ ಕೈಖರ್ಚು. ತಾಯಿಗೆ ಗಂಟಲಲ್ಲಿ ಇಳಿಯದೆ ಉಳಿದದ್ದು ಆ ಕೈಖರ್ಚೇ. ಕಲಿಯುವವರು ಕೊಡುವುದುಂಟು, ಕಲಿಸುವವರೇ ಕೊಟ್ಟು ಕರೆಯುವುದನ್ನು ಅವಳು ಕಂಡಿರಲಿಲ್ಲ. ಅದರ ಮೇಲೆ, ಮಗಳು ಬರೆದ ಮೇಲ್‌ಗೆ ಆ ದೊಡ್ಡ ಮನುಷ್ಯ ಮರುದಿನವೇ ಉತ್ತರ ಬರೆದಿದ್ದ. ತನ್ನ ಅಣ್ಣನೇ ಫೋನು ಎತ್ತಲು ವಾರ ಮಾಡುತ್ತಾನೆ, ಇವನಿಗೇನು ಅಷ್ಟು ಅವಸರ?

ಅನುಮಾನ ಅವಳ ಕಸುಬು. ಊರಿನ ದೊಡ್ಡ ಬಟ್ಟೆ ಅಂಗಡಿಯಲ್ಲಿ, ಹೆಂಗಸರು ಬಟ್ಟೆ ಹಾಕಿ ನೋಡುವ ಕೋಣೆಗಳ ಬಾಗಿಲಲ್ಲಿ ನಿಲ್ಲುವವಳು ಅವಳು. ಒಳಗೆ ಹೋಗುವ ಬಟ್ಟೆಗಳನ್ನು ಎಣಿಸಿ ಆ ಸಂಖ್ಯೆಯ ಬಿಲ್ಲೆ ಕೊಡಬೇಕು, ಹೊರಗೆ ಬರುವಾಗ ಬಿಲ್ಲೆಗೆ ಬಟ್ಟೆ ಹೊಂದಿಸಬೇಕು. ಕದ್ದವರ ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮುಖ ಎಲ್ಲರದೂ ಪಳಗಿರುತ್ತದೆ, ಕೈ ನೋಡಬೇಕು. ಅಂಗಡಿಯ ಹುಡುಗಿಯರು ಅವಳಿಗೆ 'ಸ್ಕ್ಯಾನರ್' ಎಂದು ಹೆಸರಿಟ್ಟಿದ್ದರು. ಮನೆಗೆ ಬಂದ ಮೇಲೂ ಆ ಯಂತ್ರ ಆಫ್ ಆಗುವುದಿಲ್ಲ ಎಂಬುದು ಮಗಳ ದೂರು.

ಹೋದ ವಾರ ಅವಳು ಮಗಳಿಗೆ ಗೊತ್ತಿಲ್ಲದ ಹಾಗೆ ಆ ಸಂಸ್ಥೆಯ ಹಾಸ್ಟೆಲಿಗೆ ಫೋನು ಮಾಡಿ, ಕಿಟಕಿಗಳಿಗೆ ಸರಳುಗಳಿವೆಯೇ, ಸಂಜೆ ಬಾಗಿಲು ಹಾಕುವವರು ಯಾರು ಎಂದೆಲ್ಲ ವಿಚಾರಿಸಿದ್ದಳು. ವಾರ್ಡನ್ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು, "ಅಮ್ಮಾ, ಇಲ್ಲಿ ಹುಡುಗೀರು ಓಡಿಹೋಗೋದು ಸಮಸ್ಯೆ ಅಲ್ಲ. ಪ್ರಯೋಗ ಅರ್ಧದಲ್ಲಿದೆ ಅಂತ ಲ್ಯಾಬ್ ಬಿಟ್ಟು ಬರೋದೇ ಇಲ್ಲ, ಊಟಕ್ಕೆ ನಾನೇ ಎಳ್ಕೊಂಡು ಬರಬೇಕು," ಎಂದಿದ್ದಳು. ಉತ್ತರ ತೀರಾ ಚೆನ್ನಾಗಿತ್ತು. ಅದಕ್ಕೇ ತಾಯಿಗೆ ನಂಬಿಕೆ ಬರಲಿಲ್ಲ.

ಅನುಮಾನದಿಂದ ಮಗಳ ಗೆಳತಿಯೂ ಪಾರಾಗಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಇಬ್ಬರೂ ಸೇರಿ ಗಾಜಿನ ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ, ಬೀಜ ಇಟ್ಟು, ಒಂದೊಂದು ತಟ್ಟೆಗೆ ಒಂದೊಂದು ಹದದ ಉಪ್ಪುನೀರು ಹನಿಸಿ, ಎಷ್ಟು ಉಪ್ಪಿಗೆ ಎಷ್ಟು ಬೀಜ ಮೊಳೆಯುತ್ತದೆ ಎಂದು ದಿನವೂ ಎಣಿಸುತ್ತಿದ್ದರು. ಆ ಗೆಳತಿ ಯಾವಾಗಲೂ ಹೆಗಲಿಗೆ ದೊಡ್ಡ ಜೋಳಿಗೆ ನೇತುಹಾಕಿಕೊಂಡು ಬರುವವಳು. ಜೋಳಿಗೆಯವರನ್ನು ಕಂಡರೆ ತಾಯಿಗೆ ಆಗದು. "ನಿನ್ನ ಆ ಜೋಳಿಗೆಯವಳು ಒಂದಿನ ನಿನ್ನದೇನೋ ಒಳಗೆ ಹಾಕ್ಕೊಂಡು ಹೋಗ್ತಾಳೆ, ನೋಡ್ತಿರು," ಎಂದು ಮಗಳನ್ನು ಎಚ್ಚರಿಸಿದ್ದಳು.

ಲ್ಯಾಪ್‌ಟಾಪು ಸದ್ದು ಮಾಡಿತು. ಗಂಡಸಿನ ದನಿ ಕೇಳಿಬಂತು. ವಯಸ್ಸಾದ, ಸ್ವಲ್ಪ ನೆಗಡಿಯಾದ ದನಿ. ತಾಯಿ ಮುಂದಕ್ಕೆ ಬಾಗಿದಳು. ಅವರು ಕಾಲೇಜಿನ ವಿಷಯ ಕೇಳಿದರು, ಇಷ್ಟದ ಪಾಠ ಯಾವುದೆಂದು ಕೇಳಿದರು, ಉಪ್ಪಿನ ಬದಲು ಸಕ್ಕರೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಮಗಳು ಒಂದು ಕ್ಷಣ ಯೋಚಿಸಿ, ಗೊತ್ತಿಲ್ಲ ಸರ್, ಮಾಡಿ ನೋಡಬೇಕು ಎಂದಾಗ ಅವರು ನಕ್ಕರು. ಒಳ್ಳೆಯ ನಗು. ಎಷ್ಟು ಹುಡುಕಿದರೂ ತಾಯಿಗೆ ಆ ದನಿಯಲ್ಲಿ ಕೈ ಹಾಕಲು ಒಂದು ಕೊಂಡಿ ಸಿಗಲಿಲ್ಲ. ಮಗಳ ಬೆರಳುಗಳು ಮಡಿಲಲ್ಲಿ ಹಗುರವಾಗಿ ಬಿಡಿಸಿಕೊಂಡಿದ್ದವು.

"ನಿಮ್ಮ ಅರ್ಜೀಲಿ ನನಗೆ ಬಹಳ ಹಿಡಿಸಿದ್ದು ಒಂದೇ," ಎಂದರು ಪ್ರೊಫೆಸರರು. "ಪ್ರಯೋಗದ ನಡುವೆ ಕಾಲೇಜಿಗೆ ರಜೆ ಬಂದಿದೆ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಅಲ್ಲಿ ಬಿಟ್ಟುಬಿಡ್ತಾರೆ. ನೀವು ಒಂದು ದಿನಾನೂ ತಪ್ಪಿಸದೆ ಎಣಿಸಿದೀರಿ. ನೀವೇ ಹೋಗ್ತಿದ್ರಾ?"

"ಹೌದು ಸರ್. ದಿನಾ ನಾನೇ ಹೋಗ್ತಿದ್ದೆ."

ಮಗಳ ಬಲಗೈ ಹೆಬ್ಬೆರಳು ಮೆಲ್ಲಗೆ ಮುಷ್ಟಿಯ ಒಳಗೆ ಹೋಯಿತು.

ತಾಯಿ ಅದನ್ನು ನೋಡಿದಳು. ನೋಡದಿದ್ದರೂ ಅದು ಸುಳ್ಳೆಂದು ಅವಳಿಗೆ ಗೊತ್ತಾಗುತ್ತಿತ್ತು. ಆ ರಜೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅಂಗಡಿಯಲ್ಲಿ ಬಿಡುವು ಸಿಗದ ತಾಯಿ, ಮಗಳನ್ನು ಬಲವಂತದಿಂದ ಬಸ್ಸು ಹತ್ತಿಸಿ ಅಜ್ಜಿಯ ಊರಿಗೆ ಕಳಿಸಿದ್ದಳು. ರಜೆ ಮುಗಿಯುವವರೆಗೂ ಹುಡುಗಿ ಅಲ್ಲೇ ಇದ್ದಳು, ಅಜ್ಜಿಗೆ ತಲೆ ಬಾಚುತ್ತ, ತುತ್ತು ಕೊಡುತ್ತ. ದಿನಾ ಹೋಗಿ ಮೊಳಕೆ ಎಣಿಸಿ, ಸಂಜೆ ಫೋನಿನಲ್ಲಿ ಸಂಖ್ಯೆಗಳನ್ನು ಹೇಳುತ್ತಿದ್ದವಳು ಆ ಜೋಳಿಗೆಯವಳು.

ಮಾತುಕತೆ ಮುಗಿಯಿತು. ನಾಳೆ ಹೆಸರು ಅಂತಿಮ ಮಾಡುತ್ತೇವೆ, ನನ್ನ ಕಡೆಯಿಂದ ನಿಮ್ಮದೇ ಹೆಸರು; ಏನಾದರೂ ಕೇಳುವುದಿದ್ದರೆ ಮೇಲ್‌ನಲ್ಲಿರುವ ನಂಬರಿಗೆ ಫೋನು ಮಾಡಿ ಎಂದು ಪ್ರೊಫೆಸರರು ಹೇಳಿದರು. ಪರದೆ ಮುಚ್ಚಿದ ಮಗಳು ಕುರ್ಚಿಯಿಂದ ಜಿಗಿದೆದ್ದು, "ಕೇಳಿದ್ಯಾ? ನನ್ನದೇ ಹೆಸರಂತೆ," ಎಂದಳು. ತಾಯಿ ಸಂದಿಯಿಂದ ಈಚೆ ಬಂದು ಸ್ಟೂಲನ್ನು ಅದರ ಜಾಗಕ್ಕೆ ಇಟ್ಟಳು.

"ಒಳಗೆ ಏನೋ ಬಿಟ್ಟಿರೋ ಹಾಗಿದೆ," ಎಂದಳು. "ಒಂದ್ಸಲ ಹೋಗಿ ನೋಡ್ಕೊಂಡು ಬಾ."

ಮಗಳ ಮುಖ ಬಿಳಿಚಿತು. ಅದು ಅಂಗಡಿಯ ಮಾತು. ಬಿಲ್ಲೆಗೂ ಬಟ್ಟೆಗೂ ತಾಳೆಯಾಗದಿದ್ದಾಗ ತಾಯಿ ಕೂಗು ಹಾಕುತ್ತಿರಲಿಲ್ಲ, ಮ್ಯಾನೇಜರನ್ನು ಕರೆಯುತ್ತಿರಲಿಲ್ಲ. ಆ ಹೆಂಗಸಿಗೆ ಮಾತ್ರ ಕೇಳುವ ಹಾಗೆ ಈ ಮಾತು ಹೇಳಿ ಬೇರೆ ಕಡೆ ನೋಡುತ್ತಿದ್ದಳು. ಹೆಂಗಸು ಒಳಗೆ ಹೋಗಿ, ತನ್ನ ಬಟ್ಟೆಯ ಒಳಗೆ ತೊಟ್ಟ ಅಂಗಡಿಯ ಬಟ್ಟೆಯನ್ನು ಬಿಚ್ಚಿ ಕೊಕ್ಕೆಗೆ ಹಾಕಿ, ಏನೂ ಆಗದವಳ ಹಾಗೆ ಹೊರಟುಹೋಗುತ್ತಿದ್ದಳು. ಊಟದ ಹೊತ್ತಿನಲ್ಲಿ ಈ ಕಥೆಗಳನ್ನು ಕೇಳಿ ಎಷ್ಟು ಸಲ ನಕ್ಕಿದ್ದಳೋ ಮಗಳು.

"ನಾನು ಕಳ್ಳಿನಾ?"

ತಾಯಿ ಮೇಜಿನ ಮೇಲಿನ ನೀರಿನ ಕಲೆಯನ್ನು ಉಜ್ಜುತ್ತಿದ್ದಳು.

"ನನ್ನನ್ನ ಬಸ್ಸು ಹತ್ತಿಸಿದವಳು ನೀನು. ನಾನು ಬರಲ್ಲ, ತಟ್ಟೆ ಒಣಗ್ತವೆ ಅಂತ ಅತ್ತಿದ್ದೆ. ನೀನು, ಮೊಳಕೆ ಎಲ್ಲಿಗೂ ಓಡಿಹೋಗಲ್ಲ, ಅಜ್ಜಿಗೆ ಕೈ ಇಲ್ಲ ಅಂದೆ." ಮಗಳ ದನಿ ಏರಲಿಲ್ಲ, ಬದಲಿಗೆ ಇಳಿಯುತ್ತ ಹೋಯಿತು. ಅರ್ಜಿಯಲ್ಲಿ ಇಬ್ಬರ ಹೆಸರು ಬರೆದರೆ ಅರ್ಧರ್ಧ ಕೆಲಸ ಎಂದುಕೊಳ್ಳುತ್ತಾರೆಂದು ಹೆದರಿದ್ದನ್ನೂ, ಗೆಳತಿಗೆ ಈ ಬೇಸಿಗೆ ಮನೆಯ ಅಂಗಡಿ ನೋಡಿಕೊಳ್ಳುವುದಿದ್ದು ಅವಳು ಹೇಗೂ ಅರ್ಜಿ ಹಾಕುತ್ತಿರಲಿಲ್ಲ ಎಂಬುದನ್ನೂ ಹೇಳಿದಳು. ಆಮೇಲೆ ಬಾಗಿಲ ಕಡೆ ನೋಡುತ್ತ ಅಂದಳು: "ನಿನಗೆ ಬೇಕಾಗಿದ್ದೂ ಇದೇ ತಾನೆ. ನಾನು ಹೋಗಬಾರದು. ಪ್ರೊಫೆಸರಲ್ಲಿ ಏನೂ ಸಿಗಲಿಲ್ಲ, ನನ್ನಲ್ಲಿ ಸಿಕ್ತು."

ತಾಯಿಯ ಕೈ ನಿಂತಿತು.

ಇಲ್ಲ ಎನ್ನಬೇಕೆಂದುಕೊಂಡಳು. ಹೆಬ್ಬೆರಳು ಒಳಗೆ ಹೋದ ಆ ಗಳಿಗೆಯಲ್ಲಿ, ಮಗಳು ಸುಳ್ಳು ಹೇಳಿದಳೆಂದು ನೋವಾದದ್ದು ನಿಜ. ಅದಕ್ಕೂ ಒಂದು ಚೂರು ಮೊದಲು ಇನ್ನೇನೋ ಮಿಂಚಿ ಹೋಗಿರಲಿಲ್ಲವೇ, ಇನ್ನು ಇವಳು ಎಲ್ಲಿಗೂ ಹೋಗುವುದಿಲ್ಲ ಎಂಬ ತಣ್ಣಗಿನ ಸಮಾಧಾನ? ಇಷ್ಟು ವರ್ಷ ಊರವರ ಕೈಗಳನ್ನು ನೋಡಿದವಳು ಈಗ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಅವು ಏನನ್ನು ಬಚ್ಚಿಡುತ್ತಿವೆ ಎಂದು ಅವಳಿಗೇ ಹೇಳಲಾಗಲಿಲ್ಲ.

"ಇರಬಹುದು," ಎಂದಳು ಕೊನೆಗೆ. "ನನಗೂ ಗೊತ್ತಾಗ್ತಿಲ್ಲ. ನೀನು ಇದನ್ನ ಹಾಗೇ ಬಿಟ್ರೂ ನಾನು ಯಾರಿಗೂ ಹೇಳಲ್ಲ. ಪೆಟ್ಟಿಗೆ ನಾನೇ ತುಂಬಿಕೊಡ್ತೀನಿ."

ಮಗಳು ಅವಳನ್ನು ದಿಟ್ಟಿಸಿ ನೋಡಿದಳು, ಈ ಮಾತಿನ ಒಳಪದರದಲ್ಲಿ ಏನಿದೆಯೋ ಎನ್ನುವ ಹಾಗೆ. ಆ ನೋಟ ತನ್ನದೇ ಎಂದು ತಾಯಿಗೆ ಅನ್ನಿಸಿತು. ಮಗಳು ಮೇಜಿನ ಮೇಲಿದ್ದ ಫೋನು ತೆಗೆದುಕೊಂಡು, ಲ್ಯಾಪ್‌ಟಾಪು ತೆರೆದು ಮೇಲ್‌ನಲ್ಲಿ ಏನನ್ನೋ ನೋಡಿ, ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

ತಾಯಿ ಅಡುಗೆಮನೆಗೆ ಬಂದಳು. ಎರಡು ಕೋಣೆಗೂ ನಡುವೆ ಇದ್ದದ್ದು ತೆಳು ಗೋಡೆ. ಆಚೆ ಬಳೆ ಸದ್ದಾದರೂ ಈಚೆ ಕೇಳುತ್ತಿತ್ತು. ಫೋನು ರಿಂಗಾಗುವುದು ಕೇಳಿಸಿತು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಮಗಳ ದನಿ, ಗಂಟಲು ಸರಿಮಾಡಿಕೊಂಡು: "ಸರ್... ನಾನೇ ಸರ್, ಈಗ ಮಾತಾಡಿದೆನಲ್ಲ. ಆ ರಜೆ ವಿಷಯ—"

ತಾಯಿ ಕೈ ಚಾಚಿ, ಆಚೆಯ ಮಾತು ಕೇಳಿಸದ ಹಾಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಖಾಲಿ ಪಾತ್ರೆಗೆ ದಬದಬನೆ ಬಿತ್ತು, ತುಂಬಿತು, ಉಕ್ಕಿ ಸುತ್ತಲೂ ಹರಿಯತೊಡಗಿತು. ಅವಳು ನಲ್ಲಿ ನಿಲ್ಲಿಸದೆ ನಿಂತೇ ಇದ್ದಳು.