ಇಸ್ತ್ರಿ ಅಕ್ಕ ಬರೆದ ಕೈ

ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಸುಟ್ಟರೆ ದೊಡ್ಡ ರಗಳೆ. ಆದರೆ ಆ ದಿನ ಸುಟ್ಟದ್ದು ಬಟ್ಟೆಯಲ್ಲ, ಇಸ್ತ್ರಿ ಅಕ್ಕನ ತೋರುಬೆರಳು. ಅದು ಅವಳಿಗೆ ಗೊತ್ತೇ ಆಗಲಿಲ್ಲ.

ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ನೋಡಲು ಬಲಗೈ ಬೆರಳನ್ನು ನೀರಲ್ಲಿ ಅದ್ದಿ ಅದರ ತಳಕ್ಕೆ ತಾಗಿಸುವುದು ಇಪ್ಪತ್ತು ವರ್ಷದಿಂದ ಅವಳ ಪದ್ಧತಿ. ಈಚೆಗೆ ಬಿಸಿಯೇ ತಟ್ಟುತ್ತಿರಲಿಲ್ಲ. "ಕೈ ಪಳಗಿದೆ ಕಣ್ರೀ" ಎಂದು ಜಂಬ ಕೊಚ್ಚುತ್ತಿದ್ದಳು.

ಬಟ್ಟೆ ಕೊಡಲು ಬಂದ ನರ್ಸಕ್ಕ ಬೊಬ್ಬೆ ನೋಡಿ ಕೇಳಿದಳು, "ನೋವಾಗ್ಲಿಲ್ವಾ?"

"ಇಲ್ಲ."

"ಅದೇ ಭಯ. ಇದು ಪಳಗಿದ ಕೈಯಲ್ಲ ಅಕ್ಕ, ಮರಗಟ್ಟಿದ ಕೈ. ಆಸ್ಪತ್ರೆಗೆ ಹೋಗಿದ್ಯಾ?"

"ಮಣಿಕಟ್ಟಿಗೆ ಅಂತ ಹೋಗಿದ್ದೆ. ಏನಾಗುತ್ತೆ ಅಂದ್ರು ಡಾಕ್ಟರು. ಒಂಥರಾ ಆಗುತ್ತೆ ಅಂದೆ. ಮುಲಾಮು ಕೊಟ್ಟು ಸಾಗಹಾಕಿದ್ರು."

"ಬಾಯಲ್ಲಿ ಬರದಿದ್ರೆ ಚಿತ್ರ ಬಿಡಿಸಿ ತೋರಿಸು. ನೋವಿಗೆ ಕೆಂಪು, ಜುಮ್ಮನ್ನೋದಕ್ಕೆ ನೀಲಿ, ಮುಟ್ಟಿದ್ರೂ ಗೊತ್ತಾಗದ ಕಡೆ ಕಪ್ಪು."

ಅದೇ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕನ ಗಂಡ, ಟೈಲರ್, ಕಿಸಕ್ಕನೆ ನಕ್ಕ. "ಚಿತ್ರ ಬರೆದ್ರೆ ವಾಸಿಯಾಗುತ್ತೆ ಅಂದ್ರೆ, ನನ್ನ ಬೋಳುತಲೆ ಮೇಲೂ ನಾಲ್ಕು ಕೂದಲು ಬರೆದುಬಿಡೇ!"

ಅಕ್ಕನಿಗೆ ರೇಗಿತು. ಅವನು ಅಳತೆ ಕತ್ತರಿಸುವ ಕಂದು ಕಾಗದವನ್ನೇ ಎಳೆದುಕೊಂಡು, ಅಂಗೈ ಇಟ್ಟು, ಸುತ್ತ ಗೆರೆ ಎಳೆದಳು. "ಹಲ್ಲು ಕಿರಿದಿದ್ದು ಸಾಕು. ನಾನು ಕಣ್ಣು ಮುಚ್ಕೋತೀನಿ, ನೀವೇ ಮುಟ್ಟಿ ನೋಡಿ."

ಟೈಲರ್ ದಾರದ ತುದಿಯಿಂದ ಕಿರುಬೆರಳು ಮುಟ್ಟಿದ.

"ಹೂಂ, ಗೊತ್ತಾಯ್ತು. ಮುಂದೆ."

ಸ್ವಲ್ಪ ಹೊತ್ತಾಯಿತು. "ಯಾಕ್ರೀ ಸುಮ್ನಾದ್ರಿ? ಮುಟ್ಟಿ ಅಂದ್ನಲ್ಲ."

ಟೈಲರ್ ಆಗಲೇ ತೋರುಬೆರಳನ್ನು ನಾಲ್ಕು ಸಲ ಮುಟ್ಟಿದ್ದ. "ಮುಟ್ತಾನೇ ಇದ್ದೀನಿ ಕಣೇ" ಎಂದ. ಉಳಿದ ಬೆರಳುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಕಪ್ಪು ಬಣ್ಣವನ್ನು ಅವನೇ ತುಂಬಿದ.

ಮರುದಿನ ಡಾಕ್ಟರು ಕಾಗದವನ್ನು ಬದಿಗೆ ಸರಿಸಿ ಚೀಟಿ ಬರೆಯಹೊರಟರು. ಅಕ್ಕ ಅದನ್ನು ತಿರುಗಿ ಅವರ ಮುಂದೆ ಹರಡಿದಳು.

"ಹೋದ ಸಲ ಎದ್ದು ಹೋದೆ. ಈ ಸಲ ನೀವಿದನ್ನ ನೋಡೋ ತನಕ ಏಳಲ್ಲ. ಈ ಕೈ ಹೋದ್ರೆ ನನ್ನ ಕೆಲಸವೇ ಹೋಯ್ತು."

ಡಾಕ್ಟರು ನೋಡಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಕಪ್ಪು. ಮಣಿಕಟ್ಟು ಕೆಂಪು. ಅವರು ಪೆನ್ನು ಕೆಳಗಿಟ್ಟರು.

"ಮಣಿಕಟ್ಟಲ್ಲಿ ನರ ಒತ್ತಿಹೋಗಿರೋ ಹಾಗಿದೆ. ಪರೀಕ್ಷೆ ಮಾಡಿಸೋಣ, ಸಕ್ಕರೆ ಕಾಯಿಲೆಗೂ. ಇನ್ನೂ ತಡವಾಗಿದ್ರೆ ಹಿಡಿತವೇ ಹೋಗ್ತಿತ್ತು. ಹೋದ ಸಲ ನಾನು ಸರಿಯಾಗಿ ಕೇಳಬೇಕಿತ್ತಮ್ಮ."

ಪರೀಕ್ಷೆಯಲ್ಲೂ ನರ ಒತ್ತಿರುವುದೇ ಕಂಡಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿದರು, ಆಮೇಲೆ ಚಿಕ್ಕದೊಂದು ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಹೆಬ್ಬೆರಳಿಗೆ ಸ್ಪರ್ಶ ಬಂದಿದೆ, ತೋರುಬೆರಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಟೈಲರ್ ತನ್ನ ಸೊಂಟದ ಚಿತ್ರ ಬರೆಯಲು ಕೂತಿದ್ದಾನೆ, ಕೆಂಪು ಸಾಲುತ್ತಿಲ್ಲವಂತೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮೈಯಲ್ಲಿ ಮುಟ್ಟಿದರೂ ಗೊತ್ತಾಗದ ಜಾಗವಿದ್ದರೆ ಅದನ್ನು ಗಟ್ಟಿತನ ಅಂದುಕೊಳ್ಳಬೇಡಿ. ಅದು ಕಾಯಿಲೆಯ ಸೂಚನೆ. ಇವತ್ತೇ ಚಿತ್ರ ಬರೆಯಿರಿ, ಬಣ್ಣ ಹಾಕಿ, ಆಸ್ಪತ್ರೆಗೆ ಹೋಗಿ ತೋರಿಸಿ. "ಏನೂ ಇಲ್ಲ" ಅಂದರೆ ಮತ್ತೆ ತೋರಿಸಿ. ನೋವು ನಿಮ್ಮದು, ಅದು ಎಲ್ಲಿದೆ ಎಂದು ಹೇಳುವವರೂ ನೀವೇ.